ಮಂಡಿಹಲಗೆ

ವಿಧವೆ ಆರ್ಡಿಸ್ ಟ್ವೈಟ್ ತಂದಿದ್ದ ಹಲಗೆಯನ್ನು ವಕೀಲ ಕಾಸ್ಪರೆಕ್ ನೆಲದ ಮೇಲಿಟ್ಟು, ಕೋಟನ್ನೂ ಕಳಚದೆ ಅದರ ಮೇಲೆ ಮಂಡಿಯೂರಿದ. ಏಳಲೆಂದು ಮೈ ಮುಂದಕ್ಕೆ ಬಾಗಿಸಿದಾಗ ಅಡಿಯ ಸ್ಪ್ರಿಂಗುಗಳು ಅವನನ್ನು ಮೆಲ್ಲಗೆ ಮೇಲೆತ್ತಿದವು. ಅವನು ಇನ್ನೊಮ್ಮೆ ಮಂಡಿಯೂರಿದ.

ಇದನ್ನು ಮಾಡಿದವನು ಅವಳ ಗಂಡ ಆರ್ವಲ್. ಬಡಗಿಯಲ್ಲ, ಹಾಲಿನ ಲಾರಿ ಓಡಿಸುತ್ತಿದ್ದವನು. ಮಂಡಿಗಳು ಕೈಕೊಟ್ಟ ಮೇಲೂ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ನಿಂತು ತೆಗೆದುಕೊಳ್ಳಲು ಒಪ್ಪದೆ, ಗ್ಯಾರೇಜಿನಲ್ಲಿ ಕುಳಿತು ಕಟ್ಟಿದ್ದ. ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಮಕ್ಕಳಿಲ್ಲ. ಎಲ್ಲಾದರೂ ಒಂದು ಕಡೆ ಅವನ ಹೆಸರು ಅಚ್ಚಾಗಿ ಉಳಿಯಲಿ ಎಂಬುದೊಂದೇ ಅವಳ ಆಸೆ. ಮಂಡಿನೋವಿನವರು ತಾವಾಗಿಯೇ ಏಳಬೇಕೆಂಬ ಆ ಯೋಚನೆಗೇ ಪೇಟೆಂಟ್ ಸಿಗುವುದೇ ಎಂದು ಕೇಳಿದಳು.

"ಬರೀ ಯೋಚನೆಗೆ ಸಿಗೋದಿಲ್ಲಮ್ಮ. ಸಿಗೋ ಹಾಗಿದ್ದಿದ್ರೆ ನಮ್ಮ ಮಾವ ಇಷ್ಟೊತ್ತಿಗೆ ಅರ್ಧ ಐಯೊವಾ ರಾಜ್ಯಾನೇ ಕೊಂಡ್ಕೊಂಡಿರೋರು. ಆದ್ರೆ ಈ ಸ್ಪ್ರಿಂಗ್ ಜೋಡಿಸಿರೋ ರೀತಿ ಇದೆಯಲ್ಲ, ಇದಕ್ಕೆ ಸಿಗಬಹುದು. ನಾನಂತೂ ಎಲ್ಲೂ ನೋಡಿಲ್ಲ."

ಮನೆಯಾಚೆ ಯಾರಾದರೂ ಬಳಸಿದ್ದಾರೆಯೇ ಎಂದು ಅವನು ವಿಚಾರಿಸಿದ. ಇದರ ಜೋಡಿ ಚರ್ಚಿನಲ್ಲಿದೆ, ವೇದಿಯ ಮುಂದೆ ಮಂಡಿಯೂರುವ ಕಟಕಟೆಯ ಒಂದು ತುದಿಯ ಬುಡದಲ್ಲಿ ಕೆಂಪು ಬಟ್ಟೆಯ ಕೆಳಗೆ, ಹೋದ ವರ್ಷಕ್ಕೂ ಹಿಂದಿನ ಈಸ್ಟರಿನಿಂದ, ಎಂದಳು. ಊರಿನ ಮುದುಕರೆಲ್ಲ ಆ ತುದಿಗೇ ಬರುತ್ತಾರೆ.

ಕಾಸ್ಪರೆಕ್ ಪೆನ್ನು ಕೆಳಗಿಟ್ಟ. ನಾಲ್ಕು ಜನರ ಬಳಕೆಗೆ ಬಿಟ್ಟ ಮೇಲೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಮೀರಿದರೆ ಅದು ಎಲ್ಲರದು; ಬಟ್ಟೆಯ ಕೆಳಗೆ ಕಾಣದಂತಿದ್ದರೂ ಅಷ್ಟೇ, ಎಂದು ವಿವರಿಸಿದ. ಆಮೇಲೆ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದ:

"ಸರಿಹೋಗುತ್ತೋ ಇಲ್ವೋ ಅಂತ ಪರೀಕ್ಷೆಗೆ ಅಲ್ಲಿಟ್ಟಿದ್ರು ಅಂತಾದ್ರೆ ಮಾತು ಬೇರೆ. ಆಗ ಆ ದಿನಗಳು ಲೆಕ್ಕಕ್ಕೆ ಬರೋದಿಲ್ಲ. ಅದು ಗೊತ್ತಿರೋದು ನಿಮಗೊಬ್ಬರಿಗೇ. ಚೆನ್ನಾಗಿ ನೆನಪು ಮಾಡ್ಕೊಂಡು ಹೇಳಿ."

ಅವಳಿಗೆ ನೆನಪು ಮಾಡಿಕೊಳ್ಳುವುದೇನೂ ಇರಲಿಲ್ಲ. ಆ ಈಸ್ಟರ್ ದಿನ ಆರ್ವಲ್ ಯಾರ ಕೈಯನ್ನೂ ಹಿಡಿಯದೆ ಎದ್ದು ಬಂದಿದ್ದ. ಮನೆಗೆ ಬಂದು ಮಧ್ಯಾಹ್ನದ ಊಟಕ್ಕೆ ಎರಡನೆಯ ಸಲ ತಟ್ಟೆ ಮುಂದೆ ಚಾಚಿದ್ದ.

"ಪರೀಕ್ಷೆ ಎಲ್ಲಾ ನಮ್ಮವರು ಗ್ಯಾರೇಜಲ್ಲೇ ಮುಗಿಸಿದ್ರು, ವಕೀಲರೇ. ಚರ್ಚಿಗೆ ಹೋಗಿದ್ದು ಮಂಡಿಯೂರೋಕೆ."

ಕಾಸ್ಪರೆಕ್ ಅರ್ಜಿಯ ಹಾಳೆಯನ್ನು ಪಕ್ಕಕ್ಕೆ ಸರಿಸಿದ. ಹಲಗೆಯನ್ನು ತಾನೇ ಹೊತ್ತು ಅವಳ ಕಾರಿನಲ್ಲಿಟ್ಟ.

ಭಾನುವಾರ ಆರ್ಡಿಸ್ ಆ ತುದಿಯಲ್ಲೇ ಮಂಡಿಯೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡಳು. ಹಲಗೆ ಅವಳನ್ನು ಎತ್ತಿ ನಿಲ್ಲಿಸಿತು. ಬಟ್ಟೆ ತುಸು ಸರಿದಿತ್ತು. ಹಲಗೆಗೆ ಹೊದಿಸಿದ್ದ ಚರ್ಮದಲ್ಲಿ ಎರಡು ಗುಳಿಗಳು ಬಿದ್ದಿದ್ದವು, ಆರ್ವಲ್ ಮಂಡಿಯೂರುತ್ತಿದ್ದಷ್ಟೇ ಅಗಲಕ್ಕೆ. ಅವಳ ಹಿಂದಿದ್ದ ಮುದುಕ, ಕೆಳಗೆ ನೋಡದೆಯೇ, ತನ್ನ ಮಂಡಿಗಳನ್ನು ಅವುಗಳಲ್ಲಿ ಇಟ್ಟ.