ಎರಡು ಗುಲಾಬಿ

ಪೇಂಟರ್ ಗೋಡೆಯ ಮೇಲೆ ಆಳುದ್ದದ ಎರಡು ಪಟ್ಟಿ ಬಳಿದು ಹಿಂದೆ ಸರಿದ. ಎರಡೂ ಗುಲಾಬಿ. "ಅವಳಿ ಮಕ್ಕಳಿದ್ದ ಹಾಗಿವೆ ನೋಡಿ. ಹೆತ್ತವಳಿಗೂ ಗುರುತು ಸಿಗಲ್ಲ," ಎಂದು ನಕ್ಕ.

ಅಮ್ಮ ನಗಲಿಲ್ಲ. ಅದು ಚಿಕ್ಕಂದಿನಲ್ಲೇ ತೀರಿಹೋದ ದೊಡ್ಡ ಮಗಳ ಕೋಣೆ. ತೇವ ಹತ್ತಿದ ಗೋಡೆಯಿಂದ ಹಳೆಯ ಬಣ್ಣ ಕೆರೆದು ತೆಗೆದಾಗಿನಿಂದ ಅಮ್ಮನ ಗಂಟಲಲ್ಲಿ ತುತ್ತು ಇಳಿದಿರಲಿಲ್ಲ. ಆ ಹಳೆಯ ಬಣ್ಣ ಈ ಎರಡರಲ್ಲಿ ಯಾವುದೋ ಒಂದು. ತಪ್ಪಾದದ್ದನ್ನು ಬಳಿದರೆ, ಇನ್ನೂ ಈ ಕೋಣೆಯಲ್ಲೇ ಇದ್ದಾಳೆಂದು ತಾನು ನಂಬಿದ್ದ ಮಗಳು ಇದು ಬೇರೆಯವರ ಮನೆ ಎಂದುಕೊಂಡು ಹೊರಟುಹೋಗುತ್ತಾಳೆ ಎಂಬುದು ಅವಳ ಭಯ.

"ಯಾವುದಾದ್ರೂ ಒಂದು ಹೇಳ್ಬಿಡೇ," ಎಂದ ಅಪ್ಪ. "ಒಣಗಿದ್ಮೇಲೆ ಯಾರಿಗೆ ಗೊತ್ತಾಗುತ್ತೆ?"

"ನಾನ್ಯಾಕೆ ಹೇಳ್ಲಿ? ಕೋಣೆ ಅವಳದ್ದು. ಅವಳೇ ಹೇಳ್ತಾಳೆ." ಅಮ್ಮ ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಹೊರಬಂದು ಬಾಗಿಲು ಎಳೆದುಕೊಂಡಳು.

ಪೇಂಟರ್ ಬುತ್ತಿ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂತ. ಅಡುಗೆಮನೆಯಲ್ಲಿ ಅಪ್ಪ, ಅಮ್ಮ, ಕಿರಿಮಗಳು ಮೂವರೂ ಊಟಕ್ಕೆ ಕೂತರು. ಅಮ್ಮನ ತಟ್ಟೆ ಬಡಿಸಿದ ಹಾಗೇ ಆರುತ್ತಿತ್ತು. ಕಿರಿಮಗಳು ಅದನ್ನೇ ನೋಡುತ್ತಿದ್ದವಳು, ಕೈ ತೊಳೆದು ಬರುತ್ತೇನೆಂದು ಎದ್ದಳು. ಸದ್ದಾಗದಂತೆ ಕೋಣೆಗೆ ಹೋಗಿ, ಎಡಗಡೆಯ ಹಸಿ ಬಣ್ಣಕ್ಕೆ ತನ್ನ ಎದೆಯೆತ್ತರದಲ್ಲಿ ಬೆರಳು ಒತ್ತಿದಳು. ಅಕ್ಕನೇ ಆರಿಸಿದಳೆಂದು ನಂಬಿಯಾದರೂ ಅಮ್ಮ ಎರಡು ತುತ್ತು ತಿನ್ನಲಿ. ಬೆರಳನ್ನು ಲಂಗದ ಒಳಮಗ್ಗುಲಿಗೆ ಒರೆಸಿಕೊಂಡು ಬಂದಾಗ ಅಪ್ಪ ಅಮ್ಮ ಕೂತಲ್ಲೇ ಇದ್ದರು.

ಊಟವಾದ ಮೇಲೆ ಪೇಂಟರ್‌ನನ್ನೂ ಕರೆದು ಕೋಣೆಯ ಬಾಗಿಲು ತೆರೆದರು. ಎಡಗಡೆಯ ಬಣ್ಣದಲ್ಲಿ ಬೆರಳಿನ ಗುರುತು. ಬಲಗಡೆಯದರಲ್ಲೂ ಒಂದಿತ್ತು, ತುಂಬ ಕೆಳಗೆ, ತುಂಬ ಚಿಕ್ಕದು.

"ಇದ್ಯಾರು ಕೈಯಾಡಿಸಿದ್ದು? ನಾನಂತೂ ಮೆಟ್ಟಿಲು ಬಿಟ್ಟು ಎದ್ದಿಲ್ಲ," ಎಂದ ಪೇಂಟರ್. ಅಪ್ಪ ಕಿರಿಮಗಳ ಮುಖ ನೋಡಿದ. ಅವಳು ಲಂಗವನ್ನು ಮುದುರಿ ಹಿಡಿದುಕೊಂಡಳು.

ಅಮ್ಮ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಕೆಳಗಿನ ಗುರುತನ್ನು ಮುಟ್ಟದೆ ನೋಡಿದಳು.

"ಬಲಗಡೇದು ಬಳೀರಿ," ಎಂದಳು ಪೇಂಟರ್‌ಗೆ. ಆಮೇಲೆ ಕಿರಿಮಗಳ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಮೇಲಿಂದು ನಿಂದು ಅಂತ ಗೊತ್ತು ಪುಟ್ಟಿ. ಹೆದರ್ಬೇಡ, ಅಕ್ಕಂಗೆ ಕೋಪ ಇಲ್ಲ. ಹೋಗಿ ಎರಡು ತಟ್ಟೆ ಹಾಕು. ನಂಗೂ ಅಕ್ಕಂಗೂ ಹಸಿವಾಗಿದೆ."