ಭಾನುವಾರ, ನಾಲ್ಕು ಹತ್ತು

ಅಕ್ಕ ಇಸ್ತ್ರಿಪೆಟ್ಟಿಗೆಯ ಪ್ಲಗ್ ಚುಚ್ಚಿದ್ದೇ ತಡ, ಮೀಟರ್ ಬೋರ್ಡಿನ ಸ್ವಿಚ್ಚು ಟಕ್ಕೆಂದು ಬಿತ್ತು. ಒಂದು ಸಲ ಕರೆಂಟು ತೆಗೆಯದೆ ಬಿಸಿಯಾಗುವ ಇಸ್ತ್ರಿಪೆಟ್ಟಿಗೆಯೇ ಅಲ್ಲ ಅದು. ಅವಳು ಗೊಣಗುತ್ತ ಹೋಗಿ ಸ್ವಿಚ್ಚನ್ನು ಮೇಲೆತ್ತಿ ಬರುವಷ್ಟರಲ್ಲಿ ಗೋಡೆಯ ಡಿಜಿಟಲ್ ಗಡಿಯಾರ ತನ್ನ ಹಳೇ ರಾಗ ತೆಗೆದಿತ್ತು. ಕೆಂಪು ಅಕ್ಷರಗಳಲ್ಲಿ ‘ಭಾನುವಾರ 4:10’. ಹೊರಗೆ ಬುಧವಾರದ ಸಂಜೆ ಕತ್ತಲಾಗುತ್ತಿತ್ತು.

ಕುರ್ಚಿಯಲ್ಲಿದ್ದ ಅಪ್ಪನ ಮುಖ ಅರಳಿತು. ಆಗಷ್ಟೇ ಬಂದು ಬ್ಯಾಗು ಕೆಳಗಿಟ್ಟಿದ್ದ ತಮ್ಮನತ್ತ ಕೈ ಚಾಚಿ, “ಬಂದ್ಯಾ ಮಗನೇ? ಭಾನುವಾರ ಅಂದ್ರೆ ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು” ಎಂದರು.

“ನೀನಿದ್ದಾಗ ಸರಿ,” ಅಕ್ಕ ತಮ್ಮನಿಗೆ ಹೇಳಿದಳು. “ನೀನಿಲ್ಲದಾಗ್ಲೂ ಇದೇ ನಾಲ್ಕು ಹತ್ತು ನೋಡ್ತಾರೆ, ಮಗ ಎಲ್ಲಿ ಅಂತ ಮನೆಯೆಲ್ಲ ಹುಡುಕ್ತಾರೆ. ಮೊನ್ನೆ ಮಂಚದ ಕೆಳಗೂ ಬಗ್ಗಿ ನೋಡಿದ್ರು. ರಾತ್ರಿ ಊಟಕ್ಕೆ ಕರೆದ್ರೆ, ನಾಲ್ಕು ಗಂಟೆಗೆ ಯಾರಾದ್ರೂ ಊಟ ಮಾಡ್ತಾರೇನೇ ಅಂತ ನನಗೇ ಬೈತಾರೆ.”

ಅಪ್ಪನಿಗೆ ಮರೆವು ಹತ್ತಿದ ಮೇಲೆ ‘ಈಗೆಷ್ಟು ಗಂಟೆ, ಇವತ್ತು ಯಾವ ವಾರ’ ಎಂದು ದಿನವಿಡೀ ಕೇಳಿ ಕೇಳಿ, ಅಂಗಡಿಗಳಿಗೆ ಪರದೆ ಹೊಲಿದುಕೊಡುವ ಅಕ್ಕನನ್ನು ಹಣ್ಣು ಮಾಡಿಬಿಟ್ಟಿದ್ದರು. ಅವಳು ಕೇಳಿದ್ದು ಒಂದಿಷ್ಟು ದಿನ ಹೆಗಲು ಕೊಡುವ ಒಂದು ಜೀವ. ಪರವೂರಿನಲ್ಲಿದ್ದ ತಮ್ಮ ಒಂದು ಭಾನುವಾರ ಬಂದು ಕೊಟ್ಟಿದ್ದು ತಾನೇ ಜೋಡಿಸಿದ ಈ ಗಡಿಯಾರ. ಪಾಪ, ಪ್ರೀತಿಯಿಂದಲೇ ಮಾಡಿದ್ದ. ಪ್ರೀತಿ ತೋರಿಸಲು ಅವನಿಗೆ ಗೊತ್ತಿದ್ದ ದಾರಿಯೇ ಬೆಸುಗೆ ಹಾಕುವುದು.

ತಮ್ಮ ಸ್ಟೂಲ್ ಹತ್ತಿ ಗಡಿಯಾರ ಇಳಿಸಿದ. ಹಿಂಬದಿ ಬಿಚ್ಚಿ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ನೋಡಿದವನೇ ಹಣೆ ಚಚ್ಚಿಕೊಂಡ.

“ಅಯ್ಯೋ, ನನ್ನದೇ ತಪ್ಪು ಅಕ್ಕ. ಈ ಪುಟ್ಟ ಚಿಪ್ ಇದೆಯಲ್ಲ, ಕರೆಂಟು ಹೋದ್ರೂ ಬಿಲ್ಲೆ ಬ್ಯಾಟರಿ ಮೇಲೆ ಸಮಯ ಎಣಿಸ್ತಾ ಇರುತ್ತೆ. ಆದ್ರೆ ಪ್ರೋಗ್ರಾಂ ಹಾಕಿದ ಹೊತ್ತನ್ನೇ ಈಗಿನ ಸಮಯ ಅಂದ್ಕೋ ಅಂತ ಶುರುವಿನಲ್ಲಿ ಒಂದು ಸಾಲು ಬರೆದಿದ್ದೆ. ಒಂದು ಸಲ ಓಡಿಸಿ ಅಳಿಸಬೇಕಿತ್ತು. ಅವತ್ತು ಬಸ್ಸಿಗೆ ಹೊತ್ತಾಯ್ತು ಅಂತ ಹಾಗೇ ಎದ್ದು ಹೋದೆ. ಕರೆಂಟು ಹೋಗಿ ಬಂದಾಗೆಲ್ಲ ಇದು ಆ ಭಾನುವಾರಕ್ಕೇ ವಾಪಸ್ ಹೋಗ್ತಿದೆ.”

“ಗಡಿಯಾರದ ಕಥೆ ಇರಲಿ,” ಅಕ್ಕ ಪರದೆಯ ಅಂಚು ಮಡಚುತ್ತ ಕೇಳಿದಳು. “ಅಪ್ಪನ್ನ ಒಂದು ತಿಂಗಳಾದ್ರೂ ಕರ್ಕೊಂಡು ಹೋಗ್ತೀಯಾ? ನನ್ನ ಕೈಲಿ ಆಗ್ತಿಲ್ಲ ಕಣೋ.”

“ಇದೊಂದು ಸರಿಹೋಗ್ಲಿ ಅಕ್ಕ. ಅವರು ಕೇಳೋದೇ ನಿಲ್ಲುತ್ತೆ, ನೀನೇ ನೋಡು.”

ಅವಳು ಮತ್ತೆ ಕೇಳಲಿಲ್ಲ. ಕೇಳುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

ತಮ್ಮ ಸಮಯ ಸರಿಮಾಡಿ, ಆ ಸಾಲು ಅಳಿಸಿ, ಪ್ರೋಗ್ರಾಂ ಮತ್ತೆ ತುಂಬಿದ. ಗಡಿಯಾರವನ್ನು ಗೋಡೆಗೆ ಏರಿಸಿ, “ಎಲ್ಲಿ, ನಿನ್ನ ಇಸ್ತ್ರಿಪೆಟ್ಟಿಗೆ ಹಚ್ಚು ನೋಡೋಣ” ಎಂದ. ಅದು ಮರ್ಯಾದೆಯಿಂದ ಕರೆಂಟು ತೆಗೆಯಿತು. ಅಕ್ಕ ಸ್ವಿಚ್ಚು ಎತ್ತಿ ಬಂದಾಗ ಗೋಡೆಯ ಮೇಲೆ ‘ಬುಧವಾರ 7:25’ ಎಂದಿತ್ತು. ತಮ್ಮ ಗೆದ್ದವನಂತೆ ನಕ್ಕ.

ಅಪ್ಪ ಕಣ್ಣು ಕಿರಿದು ಮಾಡಿ ಅದನ್ನು ಓದಿಕೊಂಡರು. ಆಮೇಲೆ ಸ್ಟೂಲಿನ ಪಕ್ಕ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ಕೆಲಸ ಮುಗೀತೇನ್ರೀ?”

“ಅಪ್ಪಾ... ನಾನಪ್ಪ, ನಿಮ್ಮ ಮಗ.”

“ಇವತ್ತು ಬುಧವಾರ. ನನ್ನ ಮಗ ಬರೋದು ಭಾನುವಾರ,” ಅಪ್ಪ ಗಡಿಯಾರದತ್ತ ಬೆರಳು ತೋರಿಸಿದರು. “ನೀವಿನ್ನು ಹೊರಡಿ. ನನ್ನ ಮಗಳು ಬೆಳಗ್ಗೆಯಿಂದ ಒಂದು ಗಳಿಗೆ ಕೂತಿಲ್ಲ, ಪಾಪ.”

ತಮ್ಮ ಅಕ್ಕನ ಕಡೆ ತಿರುಗಿದ. ಅವಳು ತಲೆ ಎತ್ತದೆ ಪರದೆಯ ಮೇಲೆ ಇಸ್ತ್ರಿ ಎಳೆಯುತ್ತಿದ್ದಳು.

“ಈಗ ಸರಿಯಾಗಿ ತೋರಿಸ್ತಿದೆ ಬಿಡು,” ಎಂದಳು.