ಪದ ಇಲ್ಲದ ಬ್ಯಾಂಡು

ಶರಾವತಿಯ ನಟ್ಟನಡುವೆ ಸುಬ್ಬಜ್ಜಿಯ ಗಂಟಲು ಕೈಕೊಟ್ಟಿತು. ಮೊಮ್ಮಗಳು ಲಕ್ಕಿಯನ್ನು ಆಚೆ ದಡದ ಗಂಡನ ಮನೆಗೆ ಒಪ್ಪಿಸಲು ದೋಣಿ ಹತ್ತಿದ್ದಳು. ಹೊಳೆ ದಾಟುವವರೆಗೆ ಹೆಣ್ಣು ಕಳಿಸುವ ಪದ ನಿಲ್ಲಬಾರದು. ಮದುವೆ ಪೂರ್ತಿ ಹಾಡಿದ ಗಂಟಲು ಈಗ ಗೊರಗೊರ ಎಂದಿತು, ಅಷ್ಟೇ.

"ನೀನಾದ್ರೂ ಹೇಳೇ," ಎಂದು ಪಕ್ಕದ ಮನೆಯ ದೇವಿಗೆ ಅಂಗಲಾಚಿದಳು.

"ಎತ್ತಿ ಹೇಳೂಕೆ ನಂಗೆಲ್ಲಿ ಬತ್ತದೆ? ನಿನ್ನ ಹಿಂದೆ ಹೇಳಿಯೇ ರೂಢಿ."

ತಲೆ ತಗ್ಗಿಸಿ ಕೂತಿದ್ದ ಲಕ್ಕಿಯಂತೂ ಅಜ್ಜಿ ಎಷ್ಟು ಗೋಗರೆದರೂ ಎಂದೂ ಒಂದು ಪದಕ್ಕೆ ಬಾಯಿ ತೆರೆದವಳಲ್ಲ. ತನ್ನ ಜೊತೆಗೇ ಪದಗಳೆಲ್ಲ ಮಣ್ಣಾಗುತ್ತವೆ ಎಂಬ ಕೊರಗು ಮುದುಕಿಗೆ ಮೊದಲೇ ಇತ್ತು.

ದೋಣಿಯ ಇನ್ನೊಂದು ತುದಿಯಲ್ಲಿ ಪಸ್ಕೋಲನ ಬ್ಯಾಂಡು ಮಂಕಿ ಊರಿನ ಮದುವೆಯೊಂದಕ್ಕೆ ಹೊರಟಿತ್ತು. ಒಂದು ಟ್ರಂಪೆಟ್, ಒಂದು ಕ್ಲಾರಿಯೋನೆಟ್, ಒಂದು ಡ್ರಮ್ಮು. ರೇಡಿಯೋ ಬಂದಮೇಲೆ ಊರಿಗೆಲ್ಲ ಸಿನಿಮಾ ಹಾಡೇ ಬೇಕು. ಈ ಪುಣ್ಯಾತ್ಮ ಮಾತ್ರ ಹಿಂದೆ ಮುಂಬಯಿ ಹೋಟೆಲಿನಲ್ಲಿ ನುಡಿಸಿದ ಜಾಜ್ ಸಂಗೀತ ಬಿಟ್ಟವನಲ್ಲ. ಹಾಡುವವರಿಲ್ಲ, ಬರೀ ಊದುವುದು, ಬಾರಿಸುವುದು. ಆದರೆ ಕೇಳಿದವರ ಕಾಲು ಸುಮ್ಮನಿರುತ್ತಿರಲಿಲ್ಲ.

"ಅಜ್ಜೀ, ಮಟ್ಟು ನನ್ನ ಕಿವೀಲಿ ಕೂತದೆ. ನಾ ಊದ್ಲಾ?" ಎಂದ ಪಸ್ಕೋಲ.

"ಊದಿದ್ರೆ ಪದ ಎಲ್ಲಿ ಬತ್ತದ್ಯೋ? ಬರೀ ಗಾಳಿ!" ಅಜ್ಜಿ ಒಡಕು ದನಿಯಲ್ಲಿ ಗದರಿದಳು. ದಡ ಹತ್ತಿರವಾಗುತ್ತಿತ್ತು. "ಆತು, ಊದು."

ಮೊದಲ ಸಾಲು ಅಳುತ್ತಲೇ ಬಂತು. ಎರಡನೆಯದಕ್ಕೆ ಡ್ರಮ್ಮು ಸೇರಿದ್ದೇ ತಡ, ಪಸ್ಕೋಲನ ಹಳೇ ಚಟ ಕೆರಳಿತು. ಅಳುವ ಪದ ಸೊಂಟ ತಿರುಗಿಸಿ ಕುಣಿಯತೊಡಗಿತು. ಹೆಂಗಸರು ತೂಗಿದರು, ದೋಣಿಯೂ ತೂಗಿತು. "ಸುಮ್ನೆ ಕೂತ್ಕಣಿ! ಎಲ್ಲರನ್ನೂ ಮುಳುಗಿಸ್ತ್ರಿ!" ಎಂದು ಅಂಬಿಗ ದುರ್ಗ ಕೂಗಿದ.

"ನಿಲ್ಸೋ ಪಸ್ಕೋಲಾ! ಅಳೂ ಪದ ಅದು..." ಎಂದು ಕೈಯೆತ್ತಿದ ಅಜ್ಜಿ ಹಾಗೇ ಉಳಿದಳು.

ಟ್ರಂಪೆಟ್ ಉಸಿರಿಗೆಂದು ಬಿಟ್ಟ ಜಾಗಕ್ಕೆಲ್ಲ ಯಾರೋ ಸಾಲು ತುಂಬುತ್ತಿದ್ದರು. ಲಕ್ಕಿ! ತಗ್ಗಿಸಿದ ತಲೆ ಎತ್ತದೆ, ಹೆಬ್ಬೆರಳಿನಿಂದ ಹಲಗೆ ತಟ್ಟುತ್ತ, ಒಂದಕ್ಷರ ತಪ್ಪದೆ, ತನ್ನನ್ನು ಕಳಿಸುವ ಪದವನ್ನು ತಾನೇ ಹೇಳುತ್ತಿದ್ದಳು. ಅಜ್ಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ; ಎರಡನ್ನೂ ಮಾಡಿದಳು.

ದಡದಲ್ಲಿ ಗಂಡಿನ ಕಡೆಯ ಸಣ್ಣಿ ಕೊಂಕು ತೆಗೆದಳು: "ಹೆಣ್ಣೊಪ್ಪಿಸೂಕೆ ಬಂದೋರಿಗೆ ಪದ ಹೇಳೂಕೂ ಗಂಟಲಿಲ್ವಾ ಅಜ್ಜೀ?"

ಸುಬ್ಬಜ್ಜಿ ಲಕ್ಕಿಯ ಕೈಯನ್ನು ಸಣ್ಣಿಯ ಕೈಗಿಟ್ಟಳು.

"ಗಂಟಲೂ ಇವಳ ಜೊತೀಗೇ ಕೊಟ್ಟೆ, ತಂಗೀ. ಇನ್ನು ನಿಮ್ಮನೇಲೇ ಕೇಳಿ."